ನಾಲ್ಕನೇ ಲೆವೆಲ್ ಬಂತು, ಯಾವ ಫೀಟ್ ತಗೊಳ್ಳಲಿ ಅಣ್ಣ?

ಹೋದ ಸಂಚಿಕೆಲಿ ಬಾಯ್ತಪ್ಪಿ ಒಂದು ಮಾತು ಬರ್ದಿದ್ದೆ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋರು ಮಂತ್ರ ಹಾಕೋ ಪಾತ್ರಗಳ ಫೀಟ್ ಬಗ್ಗೆ ಏನಾದ್ರೂ ಕೇಳೋದಿದ್ರೆ ಕೇಳ್ರಪ್ಪ ಅಂತ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಇಷ್ಟು ಜನ ಮಂತ್ರವಾದಿಗಳು ಅಡಗಿ ಕೂತಿದಾರೆ ಅಂತ ನಂಗೇನು ಗೊತ್ತು. ಬಂದಿದ್ರಲ್ಲಿ ಕೆಲವು ಆರಿಸ್ಕೊಂಡಿದೀನಿ.

ಈ ಆಟ ಗೊತ್ತಿಲ್ದೋರಿಗೆ ಚುಟುಕಾಗಿ: ಒಬ್ರು ಡಿಎಂ ಅಂತ ಕೂತು ಕಥೆ ನಡೆಸ್ತಾರೆ, ಮಿಕ್ಕೋರು ಒಂದೊಂದು ಪಾತ್ರ (ವಿಝರ್ಡ್, ಸಾರ್ಸರರ್ ಅಂದ್ರೆ ಮಂತ್ರವಾದಿ, ಕ್ಲೆರಿಕ್ ಅಂದ್ರೆ ಪೂಜಾರಿ, ಬಾರ್ಡ್ ಅಂದ್ರೆ ಹಾಡುಗಾರ, ಫೈಟರ್ ಅಂದ್ರೆ ಯೋಧ), ಏನು ಮಾಡೋಕೆ ಹೋದ್ರೂ ಇಪ್ಪತ್ತು ಮುಖದ ದಾಳ ಹಾಕಿ ಆಗುತ್ತೋ ಇಲ್ವೋ ನೋಡೋದು. ಪಾತ್ರ ಬೆಳೀತಾ 4, 8, 12, 16, 19ನೇ ಲೆವೆಲ್‌ಗಳಲ್ಲಿ ಬುದ್ಧಿ, ಬಲ ಇಂಥದ್ರ ಅಂಕಿ ಎರಡು ಏರಿಸ್ಕೊಬಹುದು, ಬೇಡ ಅಂದ್ರೆ ಅದ್ರ ಬದ್ಲು ಒಂದು ಫೀಟ್, ಅಂದ್ರೆ ಒಂದು ವಿಶೇಷ ಕೈಚಳಕ ತಗೊಬಹುದು. ನಾನು ಹೇಳೋದೆಲ್ಲ 2014ರ ಪುಸ್ತಕದ ಲೆಕ್ಕ, 2024ರ ಹೊಸ ಪುಸ್ತಕದಲ್ಲಿ ಬೇರೆ ಇರೋದ್ರಲ್ಲಿ ಕೆಲವನ್ನ ಮಾತ್ರ ಅಲ್ಲಲ್ಲೇ ಹೇಳ್ತೀನಿ.

ಅಣ್ಣ, ನಾನು ಇಂಜಿನಿಯರಿಂಗ್ ಮೂರನೇ ವರ್ಷ, ಹಾಸ್ಟೆಲ್‌ನಲ್ಲಿ ಐದು ಜನ ಆಡ್ತೀವಿ. ನಂದು ವಿಝರ್ಡ್, ಈಗ ನಾಲ್ಕನೇ ಲೆವೆಲ್, ಇಂಟೆಲಿಜೆನ್ಸ್ (ಬುದ್ಧಿ) 16, ಕಾನ್‌ಸ್ಟಿಟ್ಯೂಶನ್ (ಮೈಗಟ್ಟಿತನ) 14. ವೆಬ್ ಸ್ಪೆಲ್ ಅಂದ್ರೆ ನಂಗೆ ಪ್ರಾಣ, ಆದ್ರೆ ಬಲೆ ಹಾಕಿದ ಮರು ರೌಂಡಲ್ಲೇ ಯಾವನೋ ಒಬ್ಬ ಬಾಣ ಬಿಡ್ತಾನೆ, ಕಾನ್ಸಂಟ್ರೇಶನ್, ಅಂದ್ರೆ ಮಂತ್ರ ಹಿಡ್ಕೊಂಡಿರೋ ಏಕಾಗ್ರತೆ, ಹೋಗುತ್ತೆ, ಬಲೆ ಮಾಯ. ಇಂಟೆಲಿಜೆನ್ಸ್ 18 ಮಾಡ್ಕೊಳ್ಲಾ, ವಾರ್ ಕ್ಯಾಸ್ಟರ್ ಫೀಟ್ ತಗೊಳ್ಲಾ, ರೆಸಿಲಿಯಂಟ್ ಫೀಟ್ ತಗೊಳ್ಲಾ? ಫ್ರೆಂಡ್ಸೆಲ್ಲ ಇಂಟೆಲಿಜೆನ್ಸೇ ಮೊದ್ಲು ಅಂತಾರೆ.
— ಎಸ್.ಎಸ್.ಪುರಂ ವಿಝರ್ಡ್, ತುಮಕೂರು

ಫ್ರೆಂಡ್ಸ್ ಮಾತು ಪಕ್ಕಕ್ಕಿಡಪ್ಪ ತಮ್ಮ, ಮೊದ್ಲು ನಿನ್ನ ಕ್ಯಾರೆಕ್ಟರ್ ಶೀಟ್ ಹಿಂದುಗಡೆ ತಿರುಗ್ಸು. ಅಂಗಡಿಯೋರು ಸಾಲದ ಲೆಕ್ಕ ಬರೀತಾರಲ್ಲ, ಹಂಗೆ ಅಲ್ಲಿ ನಾಲ್ಕು ಗೆರೆ ಹಾಕು. ಕಳೆದ ಮೂರು ಸೆಷನ್‌ನಲ್ಲಿ ನಿನ್ನ ಮಂತ್ರ ಕೆಟ್ಟಿದ್ದು ಯಾಕೆ? ಎದುರಾಳಿ ಸೇವ್ (ಮಂತ್ರ, ಏಟು ತಡ್ಕೊಳ್ಳೋಕೆ ಹಾಕೋ ದಾಳ) ಮಾಡಿ ತಪ್ಪಿಸ್ಕೊಂಡ್ನಾ, ಏಟು ಬಿದ್ದು ಕಾನ್ಸಂಟ್ರೇಶನ್ ಹೋಯ್ತಾ, ಕೈ ಖಾಲಿ ಇರ್ಲಿಲ್ವಾ ಅಥವಾ ದೂರ ಆಯ್ತಾ, ಇಲ್ಲಾ ನಿನ್ನ ಸರದಿ ಬರೋಷ್ಟ್ರಲ್ಲಿ ಜಗಳನೇ ಮುಗಿದೋಗಿತ್ತಾ. ನೆನಪಿದ್ದಷ್ಟು ಗೀಟು ಎಳೀ. ಯಾವ ಸಾಲಲ್ಲಿ ಗೀಟು ಜಾಸ್ತಿ ಇದಾವೋ ಆ ರೋಗಕ್ಕೆ ಔಷಧಿ ತಗೊ, ನೆಟ್‌ನಲ್ಲಿ ಯಾರೋ ಬೆಸ್ಟ್ ಅಂದ ಔಷಧಿ ಬೇಡ.

ನಿನ್ನ ಪತ್ರದಲ್ಲೇ ರೋಗ ಗೊತ್ತಾಗ್ತಿದೆ, ಬಾಣ. ಸರಿ ಲೆಕ್ಕ ನೋಡಾಣ. ಇಂಟೆಲಿಜೆನ್ಸ್ 16ರಿಂದ 18 ಆದ್ರೆ ನಿನ್ನ ಮಂತ್ರದ ಸೇವ್ ಡಿಸಿ, ಅಂದ್ರೆ ತಪ್ಪಿಸ್ಕೊಳ್ಳೋಕೆ ಎದುರಾಳಿಗೆ ಬೇಕಾದ ಅಂಕಿ, 13 ಇದ್ದಿದ್ದು 14 ಆಗುತ್ತೆ, ಅಷ್ಟೆ, ಅಂದ್ರೆ ಎದುರಾಳಿ ಇಪ್ಪತ್ತು ಸಲ ದಾಳ ಹಾಕಿದ್ರೆ ಅದ್ರಲ್ಲಿ ಒಂದ್ ಸಲ ವ್ಯತ್ಯಾಸ ಬೀಳುತ್ತೆ. ಇನ್ನು ಏಟು ಬಿದ್ದಾಗ ನೀನು ಹಾಕೋ ಕಾನ್‌ಸ್ಟಿಟ್ಯೂಶನ್ ಸೇವ್, ಅದಕ್ಕೆ 10 ಬೇಕು, ಏಟು ದೊಡ್ಡದಿದ್ರೆ ಏಟಿನ ಅರ್ಧ ಬೇಕು, ಎರಡ್ರಲ್ಲಿ ಯಾವುದು ಜಾಸ್ತಿಯೋ ಅದು. ನಿನ್ನ 14ಕ್ಕೆ ದಾಳದ ಮೇಲೆ ಪ್ಲಸ್ 2 ಸೇರುತ್ತೆ, ಅಲ್ಲಿಗೆ ದಾಳದಲ್ಲಿ 8 ಬಿದ್ರೆ ಸಾಕು, ನೂರಕ್ಕೆ 65 ಸಲ ಉಳ್ಕೊತೀಯ. ವಾರ್ ಕ್ಯಾಸ್ಟರ್ ಇದ್ರೆ ದಾಳ ಎರಡು ಸಲ ಹಾಕಿ ಒಳ್ಳೇದು ಇಟ್ಕೊಬಹುದು, ಆಗ ಹತ್ರ ಹತ್ರ 88. ರೆಸಿಲಿಯಂಟ್ ತಗೊಂಡ್ರೆ ನಿನ್ನ 14 ಹೋಗಿ 15 ಆಗುತ್ತೆ, ಅದ್ರಿಂದ ಕವಡೆ ಕಾಸಿನ ಲಾಭ ಇಲ್ಲ, ಯಾಕಂದ್ರೆ ಪ್ಲಸ್ ಏರೋದು ಸಮಸಂಖ್ಯೆಲಿ, ಪ್ರೊಫಿಶಿಯನ್ಸಿ (ಪಳಗಿದ್ದಕ್ಕೆ ಸಿಗೋ ಅಂಕಿ) ಪ್ಲಸ್ 2 ಮಾತ್ರ ಸಿಕ್ಕಿ ನೂರಕ್ಕೆ 75 ಆಗುತ್ತೆ. ಆದ್ರೆ ಪ್ರೊಫಿಶಿಯನ್ಸಿ ಲೆವೆಲ್ ಜೊತೆ ಬೆಳೀತದೆ, 9ನೇ ಲೆವೆಲ್‌ಗೆ 85, 13ಕ್ಕೆ 90, ಆಗ ವಾರ್ ಕ್ಯಾಸ್ಟರನ್ನ ದಾಟುತ್ತೆ, ಜೊತೆಗೆ ವಿಷ ಗಿಷದ ಸೇವ್‌ಗೂ ಬರುತ್ತೆ. ನಿಂದು ಕಾನ್‌ಸ್ಟಿಟ್ಯೂಶನ್ 15 ಇದ್ದಿದ್ರೆ ನಾನು ಕಣ್ಮುಚ್ಕೊಂಡು ರೆಸಿಲಿಯಂಟ್ ಅಂತಿದ್ದೆ. 14 ಇದೆ, ಕ್ಯಾಂಪೇನ್ ಹದಿಮೂರನೇ ಲೆವೆಲ್‌ವರೆಗೂ ಹೋಗುತ್ತೆ ಅಂತ ಹಾಸ್ಟೆಲ್ ಹುಡುಗ್ರನ್ನ ನಂಬೋಕಾಗಲ್ಲ, ಎಂಟನೇ ಸೆಮಿಸ್ಟರ್ ಮುಗಿದ್ರೆ ಎಲ್ಲ ಬೆಂಗಳೂರು ರೈಲು ಹತ್ತುತೀರ. ವಾರ್ ಕ್ಯಾಸ್ಟರ್ ತಗೊ.

ನಿಮ್ ಡಿಎಂ 2024ರ ಪುಸ್ತಕ ಇಟ್ಕೊಂಡಿದ್ರೆ ಯೋಚ್ನೆನೇ ಬೇಡ, ಅದ್ರಲ್ಲಿ ವಾರ್ ಕ್ಯಾಸ್ಟರ್ ಜೊತೆಗೇ ಇಂಟೆಲಿಜೆನ್ಸ್ ಒಂದು ಏರುತ್ತೆ.

ಒಂದು ವಿಷ್ಯ ಮಾತ್ರ ಫೀಟ್‌ಗೂ ಮುಂಚೆ ನೋಡ್ಕೊ, ಇದು ನಾನು ಪೆಟ್ಟು ತಿಂದು ಕಲ್ತಿದ್ದು. ಕ್ಯಾತ್ಸಂದ್ರದಲ್ಲಿ ನಮ್ಮನೆ ಮಹಡಿ ಮೇಲೆ ಭಾನುವಾರ ಆಡ್ತೀವಿ, ಬೆಳಿಗ್ಗೆ ತಟ್ಟೆ ಇಡ್ಲಿ ಹೊಡ್ದು ಕೂತ್ರೆ ಸಾಯಂಕಾಲದವರೆಗೂ ಏಳಲ್ಲ. ದಾಳ ಮೊದ್ಲು ತಾಂಬಾಳದಲ್ಲಿ ಹಾಕ್ತಿದ್ವಿ, ಆ ಸದ್ದಿಗೆ ಕೆಳಗಿಂದ ಅಜ್ಜಿ ಬೈಯ್ಯೋದು, ಅದಕ್ಕೆ ಈಗ ಅಜ್ಜಿದೇ ಮೊರದಲ್ಲಿ ಹಾಕ್ತೀವಿ, ಬಿದಿರು ನೋಡು, ದಾಳ ಎಗರಲ್ಲ. ಅವತ್ತು ಮಳೆ, ಕರೆಂಟು ಹೋಗಿ ಮೊಬೈಲ್ ಟಾರ್ಚು, ನಂದು ಕ್ಲೆರಿಕ್, ಕಾನ್‌ಸ್ಟಿಟ್ಯೂಶನ್ ಪ್ಲಸ್ ಒಂದೇ. ಬ್ಲೆಸ್ ಸ್ಪೆಲ್ ಮೂರು ಜನಕ್ಕೆ ಹಾಕ್ದೆ, ದೊಡ್ಡ ಮನುಷ್ಯನ ಥರ ನನ್ನನ್ನ ಬಿಟ್ಟು ಮಿಕ್ಕ ಮೂರು ಜನಕ್ಕೆ. ಒಂದು ಗಾಬ್ಲಿನ್ ಐದೇ ಐದು ಪಾಯಿಂಟ್ ಬಾಣ ಬಿಡ್ತು. ದಾಳ ಮೊರದ ಅಂಚಿಗೆ ತಾಗಿ ನಿಧಾನಕ್ಕೆ ಮಗುಚ್ಕೊಂಡು ಎಂಟು ಬಿತ್ತು. ಎಂಟು ಒಂದು ಒಂಬತ್ತು. ಹತ್ತು ಬೇಕಿತ್ತು. ಮೂರೂ ಜನ ಒಟ್ಗೆ ನನ್ನ ಮುಖ ನೋಡಿದ್ರು. ಬ್ಲೆಸ್ ಇರೋರಿಗೆ ಪ್ರತಿ ಸೇವ್‌ಗೂ ಒಂದು ನಾಲ್ಕು ಮುಖದ ದಾಳ ಸೇರುತ್ತೆ, ಆ ಮೂರ್ರಲ್ಲಿ ಒಬ್ಬನ್ನಾಗಿ ನನ್ನನ್ನೇ ಸೇರಿಸ್ಕೊಂಡಿದ್ರೆ ಕನಿಷ್ಠ ಒಂದು ಬಂದೇ ಬರ್ತಿತ್ತು, ಹತ್ತಾಗ್ತಿತ್ತು. ಫೀಟ್ ಇಲ್ದೆ, ಪುಕ್ಸಟ್ಟೆ. ಹಂಗೇ ನೀನೂ ಬಲೆ ಹಾಕಿ ಬಟಾಬಯಲಲ್ಲಿ ನಿಂತ್ಕೊತೀಯೇನೋ, ಒಂದು ಕಂಬದ ಹಿಂದೆ ಅರ್ಧ ಮೈ ಮರೆಮಾಡಿದ್ರೂ ಎಸಿ (ನಿಂಗೆ ಏಟು ತಾಗೋಕೆ ಎದುರಾಳಿಗೆ ಬೇಕಾದ ಅಂಕಿ) ಎರಡು ಏರುತ್ತೆ, ಮುಕ್ಕಾಲು ಮರೆಯಾದ್ರೆ ಐದು.

ಅಣ್ಣಾ, ನಂದು ಟೊಮೊಟೊ ಮಂಡಿಲಿ ಕೆಲ್ಸ, ಶನಿವಾರ ರಾತ್ರಿ ಮಾತ್ರ ಆಟ. ನಾಲ್ಕನೇ ಲೆವೆಲ್ ಕ್ಲೆರಿಕ್, ಒಂದು ಕೈಲಿ ಗದೆ ಒಂದು ಕೈಲಿ ಗುರಾಣಿ. ಹೊಸ ಡಿಎಂ ಬಂದವ್ನೆ, ಎರಡೂ ಕೈ ತುಂಬಿದ್ರೆ ಮಂತ್ರ ಹಾಕೋಂಗಿಲ್ಲ ಅಂತಾನೆ. ಹಳೇ ಡಿಎಂ ಯಾವತ್ತೂ ಹಿಂಗಂದಿಲ್ಲ. ಯಾರು ಸರಿ? ವಾರ್ ಕ್ಯಾಸ್ಟರ್ ತಗೊಳ್ಳೇಬೇಕಾ?
— ಗದೆ ಹಿಡ್ದ ಪೂಜಾರಿ, ಕೋಲಾರ

ರೂಲ್ ಪ್ರಕಾರ ಹೊಸಬ ಮುಕ್ಕಾಲು ಸರಿ. ನೀನೇ ಯೋಚ್ನೆ ಮಾಡು, 15 ಕೆಜಿ ಬಾಕ್ಸು ಎರಡು ಕೈಲಿ ಎತ್ಕೊಂಡು ಹೋಗ್ತಿರ್ವಾಗ ಜೇಬಲ್ಲಿ ಫೋನ್ ರಿಂಗಾದ್ರೆ ಏನು ಮಾಡ್ತೀಯ? ಮಂತ್ರನೂ ಅಷ್ಟೆ. ಸ್ಪೆಲ್ ಪಕ್ಕದಲ್ಲಿ ಮೂರು ಥರ ಗುರುತು ಇರ್ತಾವೆ: ಬಾಯಲ್ಲಿ ಹೇಳೋದು, ಕೈಯಲ್ಲಿ ಮುದ್ರೆ ತೋರ್ಸೋದು, ಸಾಮಗ್ರಿ ಹಿಡ್ಕೊಳ್ಳೋದು. ಮುದ್ರೆ ಇರೋ ಮಂತ್ರಕ್ಕೆ ಒಂದು ಕೈ ಖಾಲಿ ಬೇಕು. ಆದ್ರೆ ಕ್ಲೆರಿಕ್‌ಗೆ ಒಂದು ಅನುಕೂಲ ಇದೆ, ದೇವರ ಲಾಂಛನನ ಗುರಾಣಿ ಮೇಲೇ ಕೆತ್ತಿಸ್ಕೊಬಹುದು, ಆ ಗುರಾಣಿನೇ ಸಾಮಗ್ರಿ ಥರ ಆಗುತ್ತೆ. ಸಾಮಗ್ರಿ ಹಿಡ್ದ ಕೈಯಲ್ಲೇ ಮುದ್ರೆನೂ ತೋರಿಸಬಹುದು ಅಂತ ರೂಲೇ ಇದೆ.

ಇಲ್ಲಿ ಒಂದು ತಮಾಷೆ ಹುಟ್ಕೊಳ್ಳುತ್ತೆ, ಎಷ್ಟೋ ಡಿಎಂಗಳಿಗೂ ಗೊತ್ತಿರಲ್ಲ. ಬ್ಲೆಸ್‌ಗೆ ಬಾಯಿ, ಮುದ್ರೆ, ಸಾಮಗ್ರಿ ಮೂರೂ ಬೇಕು, ಹಂಗಾಗಿ ಗುರಾಣಿ ಕೈಯಲ್ಲೇ ನಡ್ದೋಗುತ್ತೆ, ಗದೆ ಇಳಿಸೋದೇ ಬೇಡ. ಕ್ಯೂರ್ ವೂಂಡ್ಸ್‌ಗೆ ಬಾಯಿ ಮತ್ತೆ ಮುದ್ರೆ ಮಾತ್ರ, ಸಾಮಗ್ರಿ ಇಲ್ಲ, ಅಲ್ಲಿ ಗುರಾಣಿ ಲಾಂಛನ ಉಪಯೋಗಕ್ಕೆ ಬರಲ್ಲ, ಗದೆ ಸೊಂಟಕ್ಕೆ ಸಿಗಿಸ್ಲೇಬೇಕು! ಮೂರೂ ಬೇಕಾದ ಮಂತ್ರಕ್ಕೆ ಕೈ ಖಾಲಿ ಬೇಡ, ಗಾಯಕ್ಕೆ ಮದ್ದು ಹಾಕೋಕೆ ಬೇಕು, ಇದ್ಯಾವ ನ್ಯಾಯ ಅಂತ ಕೇಳಬೇಡ, ರೂಲ್ ಹಂಗಿದೆ. ಹೀಲಿಂಗ್ ವರ್ಡ್‌ಗೆ ಬಾಯಿ ಮಾತ್ರ ಸಾಕು, ಎರಡು ಕೈಯಲ್ಲೂ ಬಾಕ್ಸ್ ಹೊತ್ಕೊಂಡೇ ಹೇಳಬಹುದು. ನಿನ್ನ ಸರದಿಲಿ ಒಂದು ವಸ್ತು ತೆಗೆಯೋದು ಇಲ್ಲಾ ಇಡೋದು ಪುಕ್ಸಟ್ಟೆ, ಹಂಗಾಗಿ ಗದೆ ಸಿಗಿಸಿ ಮಂತ್ರ ಹಾಕಬಹುದು, ಆದ್ರೆ ಮತ್ತೆ ನಿನ್ನ ಸರದಿ ಬರೋವರೆಗೂ ಕೈಲಿ ಗದೆ ಇರಲ್ಲ, ಎದುರಾಳಿ ಪಕ್ಕದಿಂದ ಜಾರ್ಕೊಂಡ್ರೆ ಬಾರಿಸೋಕೆ ಏನಿದೆ?

ವಾರ್ ಕ್ಯಾಸ್ಟರ್ ಈ ತಾಪತ್ರಯ ಪೂರ್ತಿ ತೆಗೆಯುತ್ತೆ, ಕೈಯಲ್ಲಿ ಆಯುಧ ಗುರಾಣಿ ಏನೇ ಇರ್ಲಿ ಮುದ್ರೆ ನಡಿಯುತ್ತೆ. ಹಳೇ ಡಿಎಂ ಇದ್ದಿದ್ರೆ ಆ ಭಾಗ ನಿಂಗೆ ದಂಡ ಆಗ್ತಿತ್ತು. ಈಗಿನ ಡಿಎಂ ಹತ್ರ ಲಾಭ. ಇದ್ರ ಮೂರನೇ ಭಾಗ ಯಾರೂ ಓದಲ್ಲ: ಎದುರಾಳಿ ನಿನ್ನ ಪಕ್ಕದಿಂದ ಓಡೋಕೆ ಹೋದ್ರೆ ಗದೆ ಏಟಿನ ಬದ್ಲು ಒಂದು ಮಂತ್ರನೇ ಹಾಕಬಹುದು, ಒಂದು ಆಕ್ಷನ್‌ನದ್ದಾಗಿರಬೇಕು (ಆಕ್ಷನ್ ಅಂದ್ರೆ ಸರದಿಯ ಮುಖ್ಯ ಕೆಲ್ಸ), ಅವನೊಬ್ಬನ ಮೇಲೇ ಆಗಿರಬೇಕು. ಇನ್‌ಫ್ಲಿಕ್ಟ್ ವೂಂಡ್ಸ್ ಒಂದ್ಸಲ ಹಂಗೆ ಹಾಕಿ ನೋಡು, ಮೂರು ಹತ್ತು ಮುಖದ ದಾಳ, ಸರಾಸರಿ ಹದಿನಾರೂವರೆ. ಓಡ್ತಿದ್ದೋನು ಅಲ್ಲೇ ಮಲಗ್ತಾನೆ.

ತಗೊಳ್ಳಬೇಕಾ ಅಂದ್ರೆ, ಹೂಂ ತಗೊ, ಕೈ ವಿಷ್ಯಕ್ಕಲ್ಲ. ಮುಂದಿನ ಲೆವೆಲ್‌ಗೆ ನಿಂಗೆ ಸ್ಪಿರಿಟ್ ಗಾರ್ಡಿಯನ್ಸ್ ಬರುತ್ತೆ, ಸುತ್ತ 15 ಅಡಿ ದೆವ್ವಗಳು ತಿರುಗ್ತಾ ಇರ್ತಾವೆ, ಅದಕ್ಕೂ ಕಾನ್ಸಂಟ್ರೇಶನ್ ಬೇಕು, ಮತ್ತೆ ಅದು ಕೆಲ್ಸ ಮಾಡಬೇಕಂದ್ರೆ ನೀನು ಗುಂಪಿನ ಮಧ್ಯಕ್ಕೇ ನುಗ್ಗಬೇಕು, ನುಗ್ಗಿದ್ಮೇಲೆ ಏಟು ಬಿದ್ದೇ ಬೀಳುತ್ತೆ. ಎಸ್.ಎಸ್.ಪುರಂ ಹುಡುಗ ಕಂಬದ ಹಿಂದೆ ಅಡಗಬಹುದು, ನೀನು ಅಡಗೋ ಹಂಗಿಲ್ಲ.

ಅಣ್ಣ, ನನ್ನ ಬಾರ್ಡ್‌ಗೆ ಕರಿಸ್ಮಾ 17. ನಾಲ್ಕನೇ ಲೆವೆಲ್ ಆಯ್ತು. ಫೇ ಟಚ್ಡ್ ಅಂತ ಗೆಳತಿ, ಟೆಲಿಕೈನೆಟಿಕ್ ಅಂತ ನನ್ನ ತಮ್ಮ. ಮನೇಲಿ ಇದೇ ಜಗಳ.
— ಹಾಡುಗಾತಿ, ಚಿಂತಾಮಣಿ

ತಂಗಿ, ಮೊದ್ಲು ನಿನ್ನ 17ಕ್ಕೆ ಕೈ ಮುಗಿದೆ. ಬೆಸ ಸಂಖ್ಯೆ ಅಂದ್ರೆ ಚಿಲ್ಲರೆ ಉಳ್ಕೊಂಡಂಗೆ, ಪೂರ್ತಿ ಎರಡು ಏರಿಸಿ 19 ಮಾಡಿದ್ರೆ ಮತ್ತೆ ಒಂದು ಚಿಲ್ಲರೆನೇ. ಅದಕ್ಕೆ ಒಂದು ಅಂಕಿ ಏರಿಸಿ ಜೊತೆಗೆ ಏನಾದ್ರೂ ಕೊಡೋ ಫೀಟ್‌ಗಳು ನಿನ್ನಂಥೋರಿಗೇ ಮಾಡಿದ್ದು, ನಾವು ಆಟಗಾರ್ರು ಹಾಫ್ ಫೀಟ್ ಅಂತೀವಿ. ನಿಮ್ಮನೇಲಿ ಇಬ್ರೂ ಹಾಫ್ ಫೀಟೇ ಹೇಳಿದಾರೆ, ಅಲ್ಲಿಗೆ ಇಬ್ರಿಗೂ ಬುದ್ಧಿ ಇದೆ. ಎರಡೂ 2020ರ ಟಾಶಾ ಅನ್ನೋ ಹೆಚ್ಚುವರಿ ರೂಲ್ ಪುಸ್ತಕದವು.

ನಾನು ಗೆಳತಿ ಕಡೆ. ಟೆಲಿಕೈನೆಟಿಕ್‌ನಲ್ಲಿ ಪ್ರತಿ ರೌಂಡು ಬೋನಸ್ ಆಕ್ಷನ್‌ನಲ್ಲಿ (ಸರದಿಗೆ ಒಂದೇ ಸಿಗೋ ಚಿಕ್ಕ ಹೆಚ್ಚುವರಿ ಕೆಲ್ಸ) ಒಬ್ಬನ್ನ ಐದಡಿ ತಳ್ಳೋದು, ಚೆನ್ನಾಗೇ ಇದೆ, ಆದ್ರೆ ಬಾರ್ಡ್ ಇನ್‌ಸ್ಪಿರೇಶನ್ (ಜೊತೆಯೋರಿಗೆ ಹುರುಪು ತುಂಬೋ ದಾಳ) ಕೊಡೋದೂ ಹೀಲಿಂಗ್ ವರ್ಡ್ ಹೇಳೋದೂ ಅದೇ ಬೋನಸ್ ಆಕ್ಷನ್‌ನಲ್ಲಿ, ಒಂದೇ ಸೀಟಿಗೆ ಮೂರು ಜನ ಟವೆಲ್ ಹಾಕ್ದಂಗೆ. ಫೇ ಟಚ್ಡ್‌ನಲ್ಲಿ ಮಿಸ್ಟಿ ಸ್ಟೆಪ್ ಬರುತ್ತೆ, ಬಾರ್ಡ್ ಪಟ್ಟಿಲಿ ಇಲ್ದೇ ಇರೋ ಮಂತ್ರ, ದಿನಕ್ಕೊಂದ್ಸಲ ಪುಕ್ಸಟ್ಟೆ, ಬೇಕಂದ್ರೆ ನಿನ್ನ ಸ್ಲಾಟ್ (ದಿನಕ್ಕಿಷ್ಟು ಅಂತ ಇರೋ ಮಂತ್ರದ ಕೋಟಾ) ಖರ್ಚು ಮಾಡಿ ಮತ್ತೆ ಮತ್ತೆನೂ ಹಾಕಬಹುದು. ಅದೂ ಬೋನಸ್ ಆಕ್ಷನ್ನೇ, ಆದ್ರೆ ಪ್ರತಿ ರೌಂಡು ಬೇಕಾಗಲ್ಲ, ಸಿಕ್ಕಾಕೊಂಡಾಗ ಮಾತ್ರ. ಬಾಯಿ ಮಾತು ಸಾಕು, ಕೈ ಕಟ್ಟಿ ಹಾಕಿದ್ರೂ ನಡಿಯುತ್ತೆ. ಒಂದೇ ಷರತ್ತು, ಹೋಗೋ ಜಾಗ 30 ಅಡಿ ಒಳಗಿರಬೇಕು ಮತ್ತೆ ಕಣ್ಣಿಗೆ ಕಾಣಬೇಕು. ನೀವು ಆ ಕಡೆಯೋರು, ಬೆಳ್‌ಬೆಳಿಗ್ಗೆ ನಂದಿ ಬೆಟ್ಟ ಹತ್ತಿರ್ತೀರ, ಎದುರಿಗಿರೋ ಸ್ನೇಹಿತೆ ಮುಖನೇ ಕಾಣಲ್ಲ ಅಂಥ ಮಂಜು. ಹೆಸರು ಮಿಸ್ಟಿ ಆದ್ರೂ ಆ ಮಂಜಲ್ಲಿ ಈ ಮಂತ್ರ ಸೊನ್ನೆ. ನಮ್ ಟೇಬಲ್ಲಲ್ಲಿ ಒಬ್ಬ ತಾನೇ ಫಾಗ್ ಕ್ಲೌಡ್ ಹಾಕಿ ಅದ್ರೊಳಗಿಂದ ಮಿಸ್ಟಿ ಸ್ಟೆಪ್ ಹಾಕೋಕೆ ಹೋಗಿದ್ದ, ಎಲ್ರೂ ಅವನ ಕಡೆ ನೋಡಿದ್ವಿ, ಪಾಪ ಇಡ್ಲಿ ತಿನ್ನೋಕೆ ಶುರು ಮಾಡ್ದ.

ಜೊತೆಗೆ ಒಂದನೇ ಲೆವೆಲ್‌ದು ಒಂದು ಮಂತ್ರ ಸಿಗುತ್ತೆ, ಡಿವಿನೇಶನ್ ಇಲ್ಲಾ ಎನ್‌ಚಾಂಟ್‌ಮೆಂಟ್ ಜಾತಿದಾಗಿರಬೇಕು. ಬ್ಲೆಸ್ ಕೂಡ ಎನ್‌ಚಾಂಟ್‌ಮೆಂಟ್ ಅಂತ ತುಂಬ ಜನ್ರಿಗೆ ಹೊಳಿಯೋದೇ ಇಲ್ಲ. ಆದ್ರೆ ನೀನು ಮುಂದಿನ ಲೆವೆಲ್‌ನಿಂದ ಹಿಪ್ನೋಟಿಕ್ ಪ್ಯಾಟರ್ನ್ ಥರದ್ದು ಹಾಕ್ತಾ ಕೂರೋ ಬಾರ್ಡ್ ಆದ್ರೆ ಅದಕ್ಕೂ ಬ್ಲೆಸ್‌ಗೂ ಒಟ್ಟಿಗೆ ಕಾನ್ಸಂಟ್ರೇಶನ್ ಆಗಲ್ಲ, ಒಂದು ಸಲಕ್ಕೆ ಒಂದೇ. ಆಗ ಕಮ್ಯಾಂಡ್ ತಗೊ, ಒಂದೇ ಪದ, "ಓಡು" ಅಂದ್ರೆ ಓಡಬೇಕು, "ಬೀಳು" ಅಂದ್ರೆ ಬೀಳಬೇಕು, ಕಾನ್ಸಂಟ್ರೇಶನ್ ಬೇಡ. 2024ರ ಪುಸ್ತಕದಲ್ಲಿ ಕಮ್ಯಾಂಡ್ ಬಾರ್ಡ್ ಪಟ್ಟಿಗೇ ಬಂದ್ಬಿಟ್ಟಿದೆ, ಆ ಪುಸ್ತಕ ಆದ್ರೆ ಬ್ಲೆಸ್ಸೇ ಇರ್ಲಿ. ತಮ್ಮನಿಗೆ ಬೇಜಾರು ಮಾಡ್ಕೊಬೇಡ ಅನ್ನು, ಬೋನಸ್ ಆಕ್ಷನ್ ಖಾಲಿ ಇಟ್ಕೊಂಡಿರೋ ವಿಝರ್ಡ್ ಆಡ್ವಾಗ ಅವನ ಫೀಟು ಬಂಗಾರ.

ಬೆಂಕಿ ಸಾರ್ಸರರ್. ಎಲಿಮೆಂಟಲ್ ಅಡೆಪ್ಟ್ ಹೌದೋ ಅಲ್ವೋ, ಒಂದೇ ಮಾತಲ್ಲಿ ಹೇಳಿ.
— ಗೌರಿಬಿದನೂರು

ಒಂದೇ ಮಾತು ಅಂದ್ರೆ: ಡಿಎಂನ ಕೇಳು. ಎರಡನೇ ಮಾತು: ಈ ಫೀಟ್‌ನಲ್ಲಿ ಬೆಂಕಿ ಆರಿಸ್ಕೊಂಡ್ರೆ ದಾಳದಲ್ಲಿ ಬಿದ್ದ ಒಂದನ್ನೆಲ್ಲ ಎರಡು ಅಂತ ಎಣಿಸಬಹುದು, ಫೈರ್‌ಬಾಲ್‌ಗೆ ಎಂಟು ದಾಳ, ಸರಾಸರಿ 28 ಇದ್ದಿದ್ದು 29 ಚಿಲ್ಲರೆ ಆಗುತ್ತೆ, ನಗಬೇಡ. ನಿಜವಾದ ಲಾಭ ಬೆಂಕಿ ಅರ್ಧ ಮಾತ್ರ ತಗುಲೋ ಪ್ರಾಣಿಗಳ ಮೇಲೆ, ಅವುಕ್ಕೆ 14ರ ಬದ್ಲು ಪೂರ್ತಿ ಬೀಳುತ್ತೆ. ಆದ್ರೆ ಬೆಂಕಿ ತಾಗೋದೇ ಇಲ್ಲ ಅನ್ನೋವು ಇದಾವಲ್ಲ, ಕೆಂಪು ಡ್ರ್ಯಾಗನ್, ಫೈರ್ ಎಲಿಮೆಂಟಲ್, ನರಕದ ಡೆವಿಲ್‌ಗಳಲ್ಲಿ ಬಹುಪಾಲು, ಅವುಗಳ ಮುಂದೆ ಈ ಫೀಟ್ ಇದ್ರೂ ಸೊನ್ನೆ ಇಲ್ದಿದ್ರೂ ಸೊನ್ನೆ. ನಿಮ್ ಕಥೆ ನರಕಕ್ಕೆ ಹೊರಟಿದ್ರೆ ಫೀಟ್ ಬಿಟ್ಟು ಒಂದು ಸಿಡಿಲಿನ ಮಂತ್ರ ಕಲಿ.

ಸಾರ್, ನಾನು ಫೈಟರ್, ಇಂಟೆಲಿಜೆನ್ಸ್ 8. ಆದ್ರೂ ಸ್ವಲ್ಪ ಮಂತ್ರ ಬೇಕು ಅಂತ ಆಸೆ. ಟೇಬಲ್ಲಲ್ಲಿ ಎಲ್ರೂ ನಗ್ತಾರೆ. ಮ್ಯಾಜಿಕ್ ಇನಿಶಿಯೇಟ್ ತಗೊಬಹುದಾ?
— ತೆಂಗಿನ ತೋಟದ ಯೋಧ, ತಿಪಟೂರು

ನಗೋರು ನಗ್ಲಿ ಸಾರ್. ಫೈಟರ್‌ಗೆ 6 ಮತ್ತೆ 14ನೇ ಲೆವೆಲ್‌ನಲ್ಲಿ ಬೇರೆಯೋರಿಗಿಲ್ದ ಎರಡು ಹೆಚ್ಚುವರಿ ಅವಕಾಶ ಇದಾವೆ, ಒಂದನ್ನ ಆಸೆಗೆ ಖರ್ಚು ಮಾಡಿದ್ರೆ ಗಂಟೇನು ಹೋಗಲ್ಲ. ಈ ಫೀಟ್‌ನಲ್ಲಿ ಒಂದು ಕ್ಲಾಸ್ ಆರಿಸ್ಕೊಂಡು ಅದ್ರ ಎರಡು ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದ್ರೂ ಹಾಕೋ ಪುಟ್ಟ ಮಂತ್ರ), ಒಂದನೇ ಲೆವೆಲ್‌ದು ಒಂದು ಮಂತ್ರ, ಆ ಮಂತ್ರ ಲಾಂಗ್ ರೆಸ್ಟ್‌ಗೆ (ರಾತ್ರಿ ನಿದ್ದೆಯಂಥ ದೊಡ್ಡ ವಿಶ್ರಾಂತಿ) ಒಂದ್ಸಲ. ಬುದ್ಧಿ 8 ಅಂದ್ರೆ ಮೈನಸ್ ಒಂದು, ಹಂಗಾಗಿ ಗುರಿ ಇಡಬೇಕಾದ್ದು, ಎದುರಾಳಿ ಸೇವ್ ಮಾಡಬೇಕಾದ್ದು ಯಾವುದನ್ನೂ ಮುಟ್ಟಬೇಡಿ. ಬುದ್ಧಿ ಕೇಳ್ದೇ ಇರೋ ಮಂತ್ರ ತಗೊಳ್ಳಿ.

ವಿಝರ್ಡ್ ಪಟ್ಟಿಲಿ ಫೈಂಡ್ ಫೆಮಿಲಿಯರ್ ಇದೆ, ಗೂಬೆ ಸಾಕ್ಕೊಳ್ಳಿ. ಅದು ತಾನಾಗಿ ಕಚ್ಚಲ್ಲ, ಆದ್ರೆ ಹಾರಿ ಬಂದು ಎದುರಾಳಿ ಮುಖದ ಮುಂದೆ ರೆಕ್ಕೆ ಬಡ್ದು ಹೋಗುತ್ತೆ, ನಿಮ್ಮ ಮೊದಲ ಏಟಿಗೆ ದಾಳ ಎರಡು ಸಲ. ಗೂಬೆ ಹಾರಿ ದೂರ ಹೋಗ್ವಾಗ ಅದಕ್ಕೆ ಹೊಡಿಯೋ ಹಂಗಿಲ್ಲ, ಬೇರೆ ಪ್ರಾಣಿಗಳಿಗೆ ಈ ಸೌಲಭ್ಯ ಇಲ್ಲ, ಅದಕ್ಕೇ ಎಲ್ರೂ ಗೂಬೆ ಹಿಂದೆ ಬೀಳೋದು. ಅದ್ರ ಪ್ರಾಣ ಒಂದೇ ಪಾಯಿಂಟು, ಸತ್ರೆ ಮತ್ತೆ 10 ಚಿನ್ನದ ನಾಣ್ಯದ ಧೂಪ, ಇದ್ದಿಲು, ಗಿಡಮೂಲಿಕೆ ಸುಟ್ಟು ಒಂದು ಗಂಟೆ ಕೂರಬೇಕು. ಗೂಬೆ ಅಪಶಕುನ ಅಂತ ಮನೇಲಿ ಯಾರಾದ್ರೂ ಅಂದ್ರೆ ಗಿಡುಗ ಮಾಡ್ಕೊಳ್ಳಿ, ಲಾಭ ಕಮ್ಮಿ ಆದ್ರೆ ನಂಗೆ ಬೈಬೇಡಿ.

ಇಲ್ಲಾಂದ್ರೆ ಕ್ಲೆರಿಕ್ ಪಟ್ಟಿಲಿ ಗೈಡೆನ್ಸ್ ಮತ್ತೆ ಬ್ಲೆಸ್. ಫೈಟರ್‌ಗೆ ಕಾನ್‌ಸ್ಟಿಟ್ಯೂಶನ್ ಸೇವ್ ಹುಟ್ಟಿನಿಂದಲೇ ಪ್ರೊಫಿಶಿಯಂಟ್! ಅಂದ್ರೆ ಕಾನ್ಸಂಟ್ರೇಶನ್ ಹಿಡ್ಕೊಳ್ಳೋದ್ರಲ್ಲಿ ನೀವು ಆ ಎಸ್.ಎಸ್.ಪುರಂ ವಿಝರ್ಡ್‌ಗಿಂತ ಗಟ್ಟಿ, ಟೇಬಲ್ಲಲ್ಲಿ ನಗೋರಿಗೆ ಇದನ್ನ ಓದಿ ಹೇಳಿ. 2024ರ ಪುಸ್ತಕ ಆದ್ರೆ ಇನ್ನೂ ಸಲೀಸು, ಮೊದಲನೇ ಲೆವೆಲ್‌ನಲ್ಲೇ ಬ್ಯಾಕ್‌ಗ್ರೌಂಡ್ ಜೊತೆ ಬರುತ್ತೆ, ಅಕೊಲೈಟ್ ಅಂದ್ರೆ ಕ್ಲೆರಿಕ್ ಮಂತ್ರ, ಸೇಜ್ ಅಂದ್ರೆ ವಿಝರ್ಡ್ ಮಂತ್ರ.

ಪುಕ್ಸಟ್ಟೆ ಸಿಗೋ ರೂಲ್ಸ್ ಪಿಡಿಎಫ್ ಇಳಿಸ್ಕೊಂಡೆ, ಅದ್ರಲ್ಲಿ ಗ್ರ್ಯಾಪ್ಲರ್ ಅಂತ ಒಂದೇ ಒಂದು ಫೀಟ್ ಇದೆ. ನೀವೆಲ್ಲ ಹೇಳೋ ಫೀಟ್‌ಗಳು ಎಲ್ಲಿ?
— ಮಧುಗಿರಿ

ನೀವು ಇಳಿಸಿರೋದು ಎಸ್‌ಆರ್‌ಡಿ 5.1, ಅಂದ್ರೆ ಆಟದ ಮೂಲ ರೂಲ್ಸ್ ಕಡತ, 2023ರ ಜನವರೀಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಟ್ಟಿದ್ದು, ಅದ್ರಲ್ಲಿ ಇರೋದೇ ಅದೊಂದು. 2025ರ 5.2 ಇಳಿಸ್ಕೊಳ್ಳಿ, ಮ್ಯಾಜಿಕ್ ಇನಿಶಿಯೇಟ್ ಸೇರಿ ಇನ್ನೊಂದಷ್ಟು ಇದಾವೆ, ವಾರ್ ಕ್ಯಾಸ್ಟರ್ ಅದ್ರಲ್ಲೂ ಇಲ್ಲ. ಉಳಿದಿದ್ದಕ್ಕೆ ಪ್ಲೇಯರ್ಸ್ ಹ್ಯಾಂಡ್‌ಬುಕ್ಕೇ ಬೇಕು, ಐದು ಜನ ಚಂದಾ ಹಾಕಿ ಒಂದು ತಗೊಳ್ಳಿ. ಇನ್ನೊಂದು, 2014ರ ಪುಸ್ತಕದಲ್ಲಿ ಫೀಟ್ ಅನ್ನೋದೇ ಐಚ್ಛಿಕ, ಡಿಎಂ ಬೇಡ ಅಂದ್ರೆ ಬೇಡ. ಪುಸ್ತಕ ಕೊಳ್ಳೋಕೆ ಮುಂಚೆ ಅವರನ್ನ ಕೇಳ್ಕೊಳ್ಳಿ.

ಮಾವನ ಅಟ್ಟದಲ್ಲಿ 2003ರ ಮೂರೂವರೆ ಎಡಿಷನ್ ಪುಸ್ತಕ ಸಿಕ್ತು, ಅದ್ರಲ್ಲೇ ಆಡ್ತಿದೀವಿ. ಎಂಪವರ್ ಸ್ಪೆಲ್ ಒಳ್ಳೇದೋ ಮ್ಯಾಕ್ಸಿಮೈಝೋ?
— ಕೆಜಿಎಫ್

ಚಿನ್ನದ ಊರಲ್ಲಿ ಅಟ್ಟದಲ್ಲೂ ಚಿನ್ನ! ಫೀಟ್ ಅನ್ನೋದು ಈ ಆಟಕ್ಕೆ ಬಂದಿದ್ದೇ 2000ದ ಮೂರನೇ ಎಡಿಷನ್‌ನಲ್ಲಿ, ಆಗ ಮಂತ್ರಗಾರರ ಫೀಟ್ ಅಂದ್ರೆ ಮುಖ್ಯವಾಗಿ ಮೆಟಾಮ್ಯಾಜಿಕ್, ಮಂತ್ರನ ಬಲ ಮಾಡ್ತೀಯ, ಬದ್ಲಿಗೆ ಮೇಲಿನ ಲೆವೆಲ್ ಸ್ಲಾಟ್ ಕೊಡ್ತೀಯ. ಹತ್ತು ದಾಳದ ಫೈರ್‌ಬಾಲ್ ಸರಾಸರಿ 35. ಎಂಪವರ್ ಮಾಡಿದ್ರೆ ಒಂದೂವರೆ ಪಟ್ಟು, 52ರ ಹತ್ರ, ಐದನೇ ಲೆವೆಲ್ ಸ್ಲಾಟ್ ಹೋಗುತ್ತೆ. ಮ್ಯಾಕ್ಸಿಮೈಝ್ ಮಾಡಿದ್ರೆ ದಾಳನೇ ಹಾಕಂಗಿಲ್ಲ, ಸೀದಾ 60, ಆದ್ರೆ ಆರನೇ ಲೆವೆಲ್ ಸ್ಲಾಟ್, ಅದು ವಿಝರ್ಡ್‌ಗೆ ಬರೋದು 11ಕ್ಕೆ. ಎಂಪವರ್ ಮೊದ್ಲು ತಗೊಳ್ಳಿ. ನೀವು ವಿಝರ್ಡ್ ಆದ್ರೆ ಬೆಳಿಗ್ಗೆ ಮಂತ್ರ ತಯಾರು ಮಾಡ್ಕೊಳ್ವಾಗ್ಲೇ ಯಾವುದನ್ನ ಎಂಪವರ್ ಮಾಡೋದು ಅಂತ ಗೊತ್ತು ಮಾಡ್ಕೊಬೇಕು, ಸಾರ್ಸರರ್ ಆದ್ರೆ ಹಾಕೋ ಹೊತ್ತಿಗೆ ಮಾಡಬಹುದು, ಆದ್ರೆ ಪೂರ್ತಿ ರೌಂಡ್ ತಿನ್ನುತ್ತೆ. ಅಂದಹಾಗೆ ಇವತ್ತಿನ ವಾರ್ ಕ್ಯಾಸ್ಟರ್ ಆ ಪುಸ್ತಕದಲ್ಲಿ ಹುಡುಕಬೇಡಿ, ಕಾಂಬ್ಯಾಟ್ ಕ್ಯಾಸ್ಟಿಂಗ್ ಅಂತ ಅದ್ರ ತಾತ ಇದೆ.

ನಮ್ಮ ಕಥೆ ಈಗ ರಾಜನ ಆಸ್ಥಾನದಲ್ಲಿ ನಡೀತಿದೆ. ನಾನು ವಿಝರ್ಡ್, 8ನೇ ಲೆವೆಲ್. ಮಂತ್ರಿ ಮೇಲೆ ಚಾರ್ಮ್ ಪರ್ಸನ್ ಹಾಕೋಕೆ ಬಾಯಿ ತೆಗೆದ್ರೆ ಕಾವಲುಗಾರರು ಕತ್ತಿ ಹಿರೀತಾರೆ. ಏನಾದ್ರೂ ಫೀಟ್ ಇದೆಯಾ?
— ಶಿಡ್ಲಘಟ್ಟ

ಇದೆ, ಮೆಟಾಮ್ಯಾಜಿಕ್ ಅಡೆಪ್ಟ್, ಇದೂ ಟಾಶಾ ಪುಸ್ತಕದ್ದೇ. ಸಾರ್ಸರರ್‌ಗಳ ಎರಡು ವಿದ್ಯೆ, ಖರ್ಚಿಗೆ ಎರಡು ಸಾರ್ಸರಿ ಪಾಯಿಂಟ್. ಎರಡ್ರಲ್ಲಿ ಒಂದು ಸಟಲ್ ಸ್ಪೆಲ್ ಆಗಿರ್ಲಿ, ಅದಕ್ಕೆ ಸಲಕ್ಕೊಂದು ಪಾಯಿಂಟ್, ಹಂಗಾಗಿ ದಿನಕ್ಕೆ ಎರಡು ಸಲ ಬಾಯಿ ಬಿಡದೆ ಕೈ ಆಡಿಸದೆ ಮಂತ್ರ. ಚಾರ್ಮ್ ಪರ್ಸನ್‌ಗೆ ಬೇಕಾಗಿರೋದೇ ಅವೆರಡು, ಸಾಮಗ್ರಿ ಇಲ್ಲ, ಅಲ್ಲಿಗೆ ಯಾರ ಕಣ್ಣಿಗೂ ಏನೂ ಬೀಳಲ್ಲ. ಎದುರಾಳಿ ಮಂತ್ರವಾದಿ ಇದ್ರೂ ಕೌಂಟರ್‌ಸ್ಪೆಲ್ ಹಾಕೋಕಾಗಲ್ಲ, ಕಂಡ್ರೆ ತಾನೆ ತಡಿಯೋದು. ಆದ್ರೆ ನಿಮ್ಮ ಲೆಕ್ಕದ ಹಾಳೇಲಿ ಆಸ್ಥಾನದ ಗೀಟುಗಳು ಎಷ್ಟಿದಾವೆ ನೋಡ್ಕೊಳ್ಳಿ, ಇನ್ನೆರಡು ಸೆಷನ್‌ಗೆ ಕಥೆ ಮತ್ತೆ ಗುಹೆಗೆ ವಾಪಸ್ ಹೋಗೋ ಹಂಗಿದ್ರೆ ಇಷ್ಟು ದೊಡ್ಡ ಅವಕಾಶ ಮಂತ್ರಿಯೊಬ್ಬನಿಗೋಸ್ಕರ ಕಳ್ಕೊಬೇಡಿ. ಮತ್ತೆ ಚಾರ್ಮ್ ಪರ್ಸನ್ ಇರೋದು ಒಂದು ಗಂಟೆ. ಮುಗಿದ ಕೂಡ್ಲೇ ನೀವು ಮಂತ್ರ ಹಾಕಿದ್ರಿ ಅಂತ ಮಂತ್ರಿಗೆ ಗೊತ್ತಾಗುತ್ತೆ, ಅಷ್ಟ್ರಲ್ಲಿ ಕುದುರೆ ಹತ್ತಿ ಕೋಟೆ ಬಾಗ್ಲು ದಾಟಿರಿ.